ಫುಲ್ ರೇಂಜ್ ಡ್ರೈವರ್ ಹಾಕಿ ಮನೇಲೇ ಮಾಡಿದ ಸೆಂಟರ್ ಸ್ಪೀಕರ್: ಮಾತು ಅಂದ್ರೆ ಹಿಂಗೆ ಕೇಳ್ಬೇಕು

ಮೊದ್ಲೇ ಹೇಳಿಬಿಡ್ತೀನಿ, ಸಿನಿಮಾ ನೋಡುವಾಗ ಡೈಲಾಗ್ ಸರಿಯಾಗಿ ಕೇಳ್ಸಲ್ಲ ಅಂತ ರಿಮೋಟ್ ಕೈಯಲ್ಲೇ ಹಿಡ್ಕೊಂಡು, ಮಾತು ಬಂದಾಗ ಜಾಸ್ತಿ ಮಾಡಿ ಫೈಟ್ ಬಂದಾಗ ಕಮ್ಮಿ ಮಾಡಿ ಸುಸ್ತಾಗಿರೋರು ಯಾರಾದ್ರೂ ಇದ್ರೆ, ಒಂದು ಸೆಂಟರ್ ಸ್ಪೀಕರ್‌ನ ಫುಲ್ ರೇಂಜ್ ಡ್ರೈವರ್ ಹಾಕಿ ನೀವೇ ಕಟ್ಕೊಳ್ಳಿ. ಸೆಂಟರ್ ಅಂದ್ರೆ ಹೋಮ್ ಥಿಯೇಟರಲ್ಲಿ ಟಿವಿ ಹತ್ರ ಮಧ್ಯ ಇರೋ, ಮಾತು ನುಡಿಸೋ ಸ್ಪೀಕರ್, ಡ್ರೈವರ್ ಅಂದ್ರೆ ಡಬ್ಬದಲ್ಲಿ ಸೌಂಡ್ ಮಾಡೋ ಭಾಗ, ಫುಲ್ ರೇಂಜ್ ಅಂದ್ರೆ ದಪ್ಪ ದನಿ ಸಣ್ಣ ದನಿ ಎಲ್ಲಾ ಒಂದೇ ಡ್ರೈವರ್ ನುಡಿಸೋದು. ನಾನು ಕಟ್ಕೊಂಡಿದೀನಿ. ಮೂರೂವರೆ ಇಂಚಿನ ಎರಡು ಡ್ರೈವರ್, ಒಂದು ಸೀಲ್ಡ್ (ಗಾಳಿ ಆಡದಂಗೆ ಮುಚ್ಚಿದ) ಡಬ್ಬ, ಒಂದೇ ಒಂದು ಕಾಯಿಲ್ (ತಂತಿ ಸುರುಳಿ), ಅಷ್ಟೇ ಸಾಮಾನು. ಮಾತಿನ ವಿಷ್ಯದಲ್ಲಿ ಇದು ಮುಂಚೆ ಇದ್ದ ರೆಡಿಮೇಡ್ ಸೆಂಟರ್‌ಗಿಂತ ಎಷ್ಟೋ ಮೇಲು, ಅನುಮಾನವೇ ಇಲ್ಲ. ಥಿಯೇಟರ್ ಥರ ಎದೆ ನಡುಗೋ ಸೌಂಡು ಬೇಕು ಅನ್ನೋರಿಗೆ ಮಾತ್ರ ಇದು ಸಾಲಲ್ಲ, ಯಾಕೆ ಅಂತ ಕೆಳಗೆ ಲೆಕ್ಕ ಸಮೇತ ಬರೆದಿದೀನಿ.

ಮುಂಚೆ ಇದ್ದ ಸೆಂಟರ್ ಕೆಟ್ಟದ್ದೇನಲ್ಲ, ಎಲ್ರ ಮನೇಲೂ ಇರೋ ಥರದ್ದೇ, ಮಧ್ಯ ಒಂದು ಟ್ವೀಟರ್ (ಸಣ್ಣ ದನಿಗೆ), ಎಡಕ್ಕೊಂದು ಬಲಕ್ಕೊಂದು ವೂಫರ್ (ದಪ್ಪ ದನಿಗೆ), ಮಲಗಿಸಿದ ಡಬ್ಬ. ನೋಡೋಕೆ ಟಿವಿ ಕೆಳಗೆ ಚೆನ್ನಾಗಿ ಕೂರುತ್ತೆ. ಆದ್ರೆ ಈ ವಿನ್ಯಾಸದಲ್ಲೇ ಒಂದು ತೊಂದ್ರೆ ಇದೆ. ಎರಡು ವೂಫರ್ ನಡುವೆ ಸುಮಾರು 25 ಸೆಂಟಿಮೀಟರ್ ಅಂತರ ಇದೆ ಅನ್ಕೊಳ್ಳಿ, ಸರಿಯಾಗಿ ಎದುರಿಗೆ ಕೂತ್ರೆ ಎರಡರ ಸೌಂಡೂ ಒಟ್ಟಿಗೆ ಕಿವಿಗೆ ಬರುತ್ತೆ, ಏನೂ ಸಮಸ್ಯೆ ಇಲ್ಲ, ಆದ್ರೆ ಸೋಫಾದ ತುದೀಲಿ 30 ಡಿಗ್ರಿ ಪಕ್ಕಕ್ಕೆ ಕೂತ್ರೆ ಒಂದು ವೂಫರ್ ಇನ್ನೊಂದಕ್ಕಿಂತ ಹನ್ನೆರಡೂವರೆ ಸೆಂಟಿಮೀಟರ್ ದೂರ ಆಗುತ್ತೆ, ಆಗ ಸುಮಾರು 1370 ಹರ್ಟ್ಸ್ ಹತ್ರ ಒಂದರ ಅಲೆ ಮೇಲೆ ಹೋಗೋವಾಗ ಇನ್ನೊಂದರ ಅಲೆ ಕೆಳಗೆ ಬಂದು ಎರಡೂ ಒಂದನ್ನೊಂದು ಹೊಡೆದು ಹಾಕುತ್ತೆ. ಅದು ಮಾತಿನ ಹೃದಯಭಾಗ. 15 ಡಿಗ್ರಿ ಪಕ್ಕಕ್ಕೆ ಕೂತ್ರೂ ತಪ್ಪಿದ್ದಲ್ಲ, ಸೌಂಡ್ ಬಿದ್ದುಹೋಗೋ ಆ ಗುಂಡಿ 2650 ಹರ್ಟ್ಸ್ ಹತ್ರಕ್ಕೆ ಜರುಗುತ್ತೆ ಅಷ್ಟೇ. ಮಧ್ಯ ಕೂತೋರಿಗೆ ಎಲ್ಲಾ ಸರಿ ಕೇಳುತ್ತೆ, ಪಕ್ಕ ಕೂತೋರು "ಏನಂದ ಅವ್ನು?" ಅಂತ ಕೇಳ್ತಾ ಇರ್ತಾರೆ, ಅವರ ಕಿವಿ ಸರಿ ಇಲ್ಲ ಅಂತ ಅಲ್ಲ, ಅವರಿಗೆ ಆ ಭಾಗ ತಲುಪ್ತಾನೇ ಇಲ್ಲ.

ಇನ್ನೊಂದು ವಿಷ್ಯ ಕ್ರಾಸ್‌ಓವರ್. ಸೌಂಡನ್ನ ಬೇರೆ ಬೇರೆ ಡ್ರೈವರ್‌ಗೆ ಹಂಚೋ ಗಡಿ ಅದು. ಸಾಮಾನ್ಯ ಟೂ ವೇ (ವೂಫರ್, ಟ್ವೀಟರ್ ಅಂತ ಎರಡು ಪಾಲು ಮಾಡಿದ) ಸ್ಪೀಕರಲ್ಲಿ ವೂಫರ್ ಕೆಲಸ ಮುಗಿದು ಟ್ವೀಟರ್ ಶುರು ಆಗೋದು 2ರಿಂದ 3 ಕಿಲೋಹರ್ಟ್ಸ್ ಮಧ್ಯೆ. ಹಳೇ ಟೆಲಿಫೋನ್ ಲೈನ್ 300ರಿಂದ 3400 ಹರ್ಟ್ಸ್ ಮಾತ್ರ ಸಾಗಿಸ್ತಾ ಇತ್ತು, ಅಷ್ಟರಲ್ಲೇ ಮಾತು ಪೂರ್ತಿ ಅರ್ಥ ಆಗ್ತಿತ್ತು, ಅಂದ್ರೆ ಮಾತಿಗೆ ಅತೀ ಮುಖ್ಯವಾದ ಜಾಗದಲ್ಲೇ ನಾವು ಸೌಂಡನ್ನ ಎರಡು ತುಂಡು ಮಾಡಿ ಎರಡು ಬೇರೆ ಬೇರೆ ಡ್ರೈವರ್ ಕೈಗೆ ಕೊಡ್ತಾ ಇದೀವಿ. ಒಳ್ಳೇ ಡಿಸೈನರ್ ಕೈಲಿ ಈ ಜೋಡಣೆ ಗೊತ್ತೇ ಆಗಲ್ಲ, ಒಪ್ತೀನಿ, ದೊಡ್ಡ ದುಡ್ಡಿನ ಸ್ಪೀಕರ್‌ಗಳು ಇದನ್ನ ಚೆನ್ನಾಗೇ ಮಾಡ್ತವೆ. ಆದ್ರೆ ಕಮ್ಮಿ ಬೆಲೆಯ ಸೆಂಟರಲ್ಲಿ ಒಂದು ಕೆಪಾಸಿಟರ್ ಹಾಕಿ ಕೈ ತೊಳ್ಕೊಂಡಿರ್ತಾರೆ. ಫುಲ್ ರೇಂಜ್ ಡ್ರೈವರಲ್ಲಿ ಈ ಸೀಳೇ ಇಲ್ಲ, ಗಂಟಲಿಂದ ಬರೋ ದಪ್ಪ ದನಿ, ನಾಲಿಗೆ ತುದಿಯ 'ಸ' 'ಶ' 'ಚ' ಎಲ್ಲಾ ಒಂದೇ ಕೋನ್‌ನಿಂದ, ಒಂದೇ ಜಾಗದಿಂದ ಬರುತ್ತೆ. ಸ್ಟುಡಿಯೋಗಳಲ್ಲಿ ಮಿಕ್ಸಿಂಗ್ ಮಾಡೋರು ಆರಾಟೋನ್ 5ಸಿ ಅನ್ನೋ ಚಿಕ್ಕ ಒಂಟಿ ಡ್ರೈವರ್ ಡಬ್ಬಾನ ಇಟ್ಕೊಂಡು ಹಾಡಿನ ದನಿ ಎದ್ದು ಕೇಳ್ತಾ ಇದ್ಯಾ ಅಂತ ಚೆಕ್ ಮಾಡ್ತಿದ್ರಲ್ಲ, ಅದಕ್ಕೆ ಇದೂ ಒಂದು ಕಾರಣ. ದೊಡ್ಡ ಮಾನಿಟರ್ ಸ್ಪೀಕರ್ ಪಕ್ಕದಲ್ಲೇ ಇದ್ರೂ ದನಿ ವಿಷ್ಯಕ್ಕೆ ಆ ಪುಟ್ಟ ಡಬ್ಬದ ಮಾತು ಕೇಳ್ತಿದ್ರು.

ಸೆಂಟರ್ ಅನ್ನೋದೇ ಬೇಡ, ಎಡ ಬಲ ಸಾಕು ಅನ್ನೋ ವಾದಾನೂ ಇದೆ. ಒಬ್ರೇ ಮಧ್ಯ ಕೂತು ನೋಡೋದಾದ್ರೆ ನಿಜ. ಆದ್ರೆ 1933ರಲ್ಲೇ ಅಮೆರಿಕದ ಟೆಲಿಫೋನ್ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನವರು ಫಿಲಡೆಲ್ಫಿಯಾದಿಂದ ವಾಷಿಂಗ್ಟನ್‌ಗೆ ಆರ್ಕೆಸ್ಟ್ರಾ ಸೌಂಡನ್ನ ಲೈನಲ್ಲಿ ಕಳ್ಸಿದಾಗ ಮೂರು ಚಾನೆಲ್ ಬಳಸಿದ್ರು, ಮಧ್ಯದ ಒಂದು ಇಲ್ದೆ ಹೋದ್ರೆ ಪಕ್ಕ ಕೂತೋರಿಗೆ ಎಲ್ಲಾ ಹತ್ತಿರದ ಸ್ಪೀಕರ್ ಕಡೆಗೇ ಎಳೆದಂಗೆ ಕೇಳುತ್ತೆ. 5.1 ಮಿಕ್ಸಲ್ಲಿ (ಐದು ಸ್ಪೀಕರ್, ಬಾಸ್‌ಗೆ ಒಂದು ಸಬ್ ವೂಫರ್ ಅಂತ ಮಾಡಿದ ಸೌಂಡಲ್ಲಿ) ಹೆಚ್ಚುಕಮ್ಮಿ ಡೈಲಾಗ್ ಪೂರ್ತಿ ಸೆಂಟರಲ್ಲೇ ಇರುತ್ತೆ. ಹಂಗಾಗಿ ಇಡೀ ಸೆಟ್ಟಲ್ಲಿ ಅತೀ ಹೆಚ್ಚು ದುಡಿಯೋದು ಇದು, ಆದ್ರೆ ಅತೀ ಕಮ್ಮಿ ಗಮನ ಸಿಗೋದೂ ಇದಕ್ಕೇ.

ಡ್ರೈವರ್ ಆಯ್ಕೆಗೆ ಬರೋಣ. ಫೋಸ್ಟೆಕ್ಸ್, ಮಾರ್ಕ್ ಆಡಿಯೊ, ಟ್ಯಾಂಗ್ ಬ್ಯಾಂಡ್, ವಿಸಾಟನ್, ಡೇಟನ್ ಆಡಿಯೊ, ಫೈಟಲ್ ಪ್ರೊ, ಎಲ್ರೂ 3ರಿಂದ 5 ಇಂಚಿನ ಒಳ್ಳೊಳ್ಳೆ ಫುಲ್ ರೇಂಜ್ ಮಾಡ್ತಾರೆ. ನಾನು ಹಾಕಿದ್ದು ಪೀರ್‌ಲೆಸ್‌ನ ಟಿಸಿ9ಎಫ್‌ಡಿ18-08, ಹಳಬರು ಇದನ್ನ ವೀಫಾ ಟಿಸಿ9 ಅಂತಾನೇ ಕರೀತಾರೆ. ಪೇಪರ್ ಕೋನ್, 8 ಓಮ್, ಮಧ್ಯ ವಿಝರ್ ಕೋನ್ (ಸಣ್ಣ ದನಿಗೆ ಅಂಟಿಸೋ ಇನ್ನೊಂದು ಪುಟ್ಟ ಕೋನ್) ಅಂತ ಏನೂ ಇಲ್ಲ, ಒಂದೇ ನುಣುಪು ಕೋನ್. ಇದನ್ನೇ ಯಾಕೆ ಅಂದ್ರೆ ರೆಸ್ಪಾನ್ಸ್ (ಯಾವ ಫ್ರೀಕ್ವೆನ್ಸಿ ಎಷ್ಟು ಜೋರಾಗಿ ಬರುತ್ತೆ ಅನ್ನೋದು) ಬಹಳ ಸಮ, ಎಲ್ಲೂ ಕಿರುಚಲ್ಲ. ಫುಲ್ ರೇಂಜಲ್ಲಿ ಕೆಲವು ಡ್ರೈವರ್ ಮೇಲ್ಗಡೆ ಹೋಗ್ತಾ ಹೋಗ್ತಾ ಏರುತ್ತೆ, ಗಿಟಾರ್ ಪಿಟೀಲು ಕೇಳೋಕೆ ಅದು ಮಜಾ ಕೊಡುತ್ತೆ, ಆದ್ರೆ ಸಿನಿಮಾದ ಮಾತಿಗೆ ಅದೇ ಗುಣ 'ಸ್ಸ್' ಅಂತ ಕಿವಿ ಚುಚ್ಚುತ್ತೆ. ಸೆಂಟರ್‌ಗೆ ಆರಿಸುವಾಗ ಬಾಸ್ ಎಷ್ಟು ಕೆಳಗೆ ಹೋಗುತ್ತೆ ಅಂತ ನೋಡ್ಬೇಡಿ, ಅದು ಸಬ್ ವೂಫರ್ ಕೆಲಸ, 500ರಿಂದ 8000 ಹರ್ಟ್ಸ್ ತನಕ ರೆಸ್ಪಾನ್ಸ್ ಗ್ರಾಫಿನ ಗೆರೆ ಎಷ್ಟು ಸಮ ಇದೆ, 30 ಡಿಗ್ರಿ ಪಕ್ಕದ ಗೆರೆ ಎದುರಿನ ಗೆರೆಗೆ ಎಷ್ಟು ಹತ್ರ ಇದೆ, ಈ ಎರಡೇ ನೋಡಿ.

ಒಂದು ಡ್ರೈವರ್ ಸಾಕಾ ಎರಡು ಬೇಕಾ, ಈ ಪ್ರಶ್ನೆ ಮೇಲೇ ನಂಗೆ ಜಾಸ್ತಿ ಹೇಳೋಕಿರೋದು. ಒಂದೇ ಹಾಕಿದ್ರೆ ಪಕ್ಕಕ್ಕೆ ಹೊಡೆದಾಡೋ ಸಮಸ್ಯೆ ಶೂನ್ಯ, ಅದು ನಿಜವಾದ ಪಾಯಿಂಟ್ ಸೋರ್ಸ್, ಅಂದ್ರೆ ಸೌಂಡೆಲ್ಲ ಒಂದೇ ಜಾಗದಿಂದ. ಆದ್ರೆ ಚಿಕ್ಕ ಡಬ್ಬದ ಮುಂಭಾಗ ಕೆಳಗಿನ ಫ್ರೀಕ್ವೆನ್ಸಿನ ಮುಂದಕ್ಕೆ ತಳ್ಳೋಕೆ ಆಗ್ದೆ ಅದು ಸುತ್ತಿ ಹಿಂದಕ್ಕೆ ಹೋಗುತ್ತೆ, ಇದನ್ನೇ ಬ್ಯಾಫಲ್ ಸ್ಟೆಪ್ ಅನ್ನೋದು. ಲೆಕ್ಕ ಸುಲಭ, 115ನ್ನ ಬ್ಯಾಫಲ್ (ಡಬ್ಬದ ಮುಂದಿನ ಹಲಗೆ) ಅಗಲದಿಂದ, ಮೀಟರಲ್ಲಿ, ಭಾಗಿಸಿ. ನನ್ನ ಡಬ್ಬದ 15 ಸೆಂಟಿಮೀಟರ್ ಎತ್ತರದ ಕಡೆಗೆ ಸುಮಾರು 770 ಹರ್ಟ್ಸ್, 40 ಸೆಂಟಿಮೀಟರ್ ಅಗಲದ ಕಡೆಗೆ 290. ಅಲ್ಲಿಂದ ಕೆಳಗೆ ನಿಧಾನಕ್ಕೆ ಇಳಿದು ಕೊನೆಗೆ 6 ಡೆಸಿಬಲ್ ತನಕ ಕಮ್ಮಿ ಆಗುತ್ತೆ, ಗೋಡೆ ಹತ್ರ ಇದ್ರೆ ಅಷ್ಟು ಇರಲ್ಲ. ಈ ಕಾರಣಕ್ಕೇ ಫುಲ್ ರೇಂಜ್ ಸ್ಪೀಕರ್ ಕೇಳಿದೋರು "ತೆಳುವಾಗಿದೆ, ರೇಡಿಯೋ ಥರ ಇದೆ" ಅನ್ನೋದು. ಡ್ರೈವರ್ ತಪ್ಪಲ್ಲ ಅದು, ಡಬ್ಬದ್ದು.

ಎರಡು ಡ್ರೈವರ್ ಪ್ಯಾರಲಲ್ ಹಾಕಿ ಎರಡನ್ನೂ ಪೂರ್ತಿ ಬಿಟ್ರೆ ಮತ್ತೆ ಅದೇ ರೆಡಿಮೇಡ್ ಸೆಂಟರ್ ಕಥೆ, 10 ಸೆಂಟಿಮೀಟರ್ ಅಂತರ ಇಟ್ರೂ 30 ಡಿಗ್ರೀಲಿ 3430 ಹರ್ಟ್ಸ್ ಹತ್ರ ಗುಂಡಿ ಬೀಳುತ್ತೆ. ಇದಕ್ಕೆ ಚಂದದ ಪರಿಹಾರ ಒಂದಿದೆ, ಒಂದೂವರೆ ವೇ ಅಂತಾರೆ. ಒಂದು ಡ್ರೈವರ್‌ನ ನೇರ ಆಂಪ್‌ಗೆ ಕೊಡಿ, ಅದು ಎಲ್ಲಾ ನುಡಿಸ್ಲಿ, ಇನ್ನೊಂದಕ್ಕೆ ಸರಣೀಲಿ 2.2 ಮಿಲಿಹೆನ್ರಿ ಕಾಯಿಲ್ ಹಾಕಿ, ಡ್ರೈವರ್ 8 ಓಮ್ ಅಂತ ಇಟ್ಕೊಂಡ್ರೆ ಅದು ಸುಮಾರು 580 ಹರ್ಟ್ಸ್‌ನಿಂದ ಮೇಲೆ ಮೆಲ್ಲಗೆ ಹಿಂದೆ ಸರಿಯುತ್ತೆ. ಈಗ ನೋಡಿ ಏನಾಯ್ತು, ಕೆಳಗೆ ಎರಡೂ ಸೇರಿ ನುಡಿಯೋದ್ರಿಂದ 6 ಡೆಸಿಬಲ್ ಜಾಸ್ತಿ, ಬ್ಯಾಫಲ್ ಸ್ಟೆಪ್ಪಲ್ಲಿ ಕಳ್ಕೊಂಡಿದ್ದೂ 6 ಡೆಸಿಬಲ್, ಲೆಕ್ಕ ಚುಕ್ತಾ. ಮೇಲೆ ಒಂದೇ ಡ್ರೈವರ್ ಮಾತಾಡೋದ್ರಿಂದ ಆ 3430 ಹರ್ಟ್ಸ್ ಜಾಗದಲ್ಲಿ ಎರಡನೇದು 15 ಡೆಸಿಬಲ್‌ಗಿಂತ ಕೆಳಗಿರುತ್ತೆ, ಹೊಡೆದು ಹಾಕೋಷ್ಟು ಶಕ್ತಿ ಅದಕ್ಕಿಲ್ಲ. ಒಂದು ಕಾಯಿಲ್, ಎರಡು ರೋಗಕ್ಕೆ ಮದ್ದು, ಮುಖ್ಯ ಡ್ರೈವರ್ ದಾರೀಲಿ ಒಂದು ತುಂಡು ತಂತಿ ಬಿಟ್ಟು ಬೇರೇನೂ ಇಲ್ಲ. ಈ ಸ್ಪೀಕರಲ್ಲಿ ನಂಗೆ ಅತೀ ಇಷ್ಟವಾಗಿರೋದು ಇದೇ. ಮಾತು ಮಧ್ಯಕ್ಕಿಂತ 5 ಸೆಂಟಿಮೀಟರ್ ಪಕ್ಕದಿಂದ ಬಂದಂಗೆ ಆಗಲ್ವಾ ಅಂತ ಕೇಳ್ಬಹುದು, ಮೂರು ಮೀಟರ್ ದೂರದಿಂದ ಅದು ಒಂದು ಡಿಗ್ರಿಗಿಂತ ಕಮ್ಮಿ, ಕಿವಿಗೆ ಗೊತ್ತೇ ಆಗಲ್ಲ. ಒಂದು ಎಚ್ಚರಿಕೆ, ಕೆಳಗಿನ ಭಾಗದಲ್ಲಿ ಎರಡು 8 ಓಮ್ ಸೇರಿ 4 ಓಮ್ ಆಗುತ್ತೆ, ನಿಮ್ ರಿಸೀವರ್ (ಸ್ಪೀಕರ್‌ಗಳನ್ನ ನಡೆಸೋ ಆಂಪ್) 4 ಓಮ್ ಒಪ್ಪುತ್ತಾ ಅಂತ ಮ್ಯಾನುಯಲ್ ನೋಡಿ ಶುರು ಮಾಡಿ. ಒಪ್ಪಲ್ಲ ಅಂದ್ರೆ ಒಂದೇ ಡ್ರೈವರ್ ಹಾಕಿ, ಅದರ ಮುಂದೆ ಕಾಯಿಲ್ ಮತ್ತು ರೆಸಿಸ್ಟರ್‌ನ ಪ್ಯಾರಲಲ್ ಕಟ್ಟಿ ಮೇಲಿನ ಭಾಗ ತಗ್ಗಿಸಬಹುದು, ಆದ್ರೆ ಸೌಂಡ್ ಲೆವೆಲ್ ಕಮ್ಮಿ ಆಗುತ್ತೆ.

ಡಬ್ಬ ಹೊರಗಡೆ ಅಳತೆ 40 ಅಗಲ, 15 ಎತ್ತರ, 12 ಸೆಂಟಿಮೀಟರ್ ಆಳ, ಮುಂದಿನ ಹಲಗೆ 18 ಎಂಎಂ, ಉಳಿದದ್ದು 12 ಎಂಎಂ, ಮಧ್ಯ ಒಂದು ಅಡ್ಡಹಲಗೆ ಹಾಕಿ ಎರಡು ಕೋಣೆ, ಒಂದೊಂದೂ ಸುಮಾರು 2 ಲೀಟರ್. ಬೇರೆ ಡ್ರೈವರ್ ಆದ್ರೆ ಲೆಕ್ಕ ಬೇರೆ, ವಿಎಎಸ್, ಕ್ಯೂಟಿಎಸ್ ಅನ್ನೋ ಎರಡು ಅಂಕಿ ಡ್ರೈವರ್‌ನ ಡೇಟಾಶೀಟಲ್ಲಿ ಇರುತ್ತೆ, ಅದರ ವಿಎಎಸ್‌ನ ಡಬ್ಬದ ಲೀಟರಿಂದ ಭಾಗಿಸಿ, ಒಂದು ಕೂಡಿಸಿ, ವರ್ಗಮೂಲ ತೆಗೆದು ಕ್ಯೂಟಿಎಸ್‌ನಿಂದ ಗುಣಿಸಿ, ಉತ್ತರ 0.7 ಹತ್ರ ಬಂದ್ರೆ ಬಾಸ್ ಬಿಗಿಯಾಗಿರುತ್ತೆ, 1 ದಾಟಿದ್ರೆ ಗುಂಯ್ ಅನ್ನೋಕೆ ಶುರು ಮಾಡುತ್ತೆ. ಕ್ಯೂಟಿಎಸ್ 0.5, ವಿಎಎಸ್ 2 ಲೀಟರ್, ಡಬ್ಬಾನೂ 2 ಲೀಟರ್ ಅಂದ್ರೆ ಸರಿಯಾಗಿ 0.707. ಪೋರ್ಟ್ (ಬಾಸ್ ಜಾಸ್ತಿ ಮಾಡೋ ಗಾಳಿ ತೂತು) ಕೊರೆಯೋ ಆಸೆ ಬೇಡ, ಸಬ್ ಇದೆಯಲ್ಲ, ಸೀಲ್ಡೇ ಇರ್ಲಿ.

ಈಗ ತುಂಬಾ ಜನ ಬಿಟ್ಟುಬಿಡೋ ಒಂದು ಕೆಲಸ ಹೇಳ್ತೀನಿ. 18 ಎಂಎಂ ಹಲಗೇಲಿ ಇಷ್ಟು ಚಿಕ್ಕ ಡ್ರೈವರ್‌ಗೆ ತೂತು ಕೊರೆದಾಗ ಅದು ತೂತಲ್ಲ, ಒಂದು ಕೊಳವೆ ಆಗಿಬಿಡುತ್ತೆ. ಡ್ರೈವರ್ ಒಳಗೆ ಕೂರ್ಸಿ ಹಿಂದಿನಿಂದ ನೋಡಿ, ಮ್ಯಾಗ್ನೆಟ್‌ಗೂ ಹಲಗೆ ಅಂಚಿಗೂ ಮಧ್ಯ ಬೆರಳು ತೂರ್ಸೋಕೂ ಜಾಗ ಇರಲ್ಲ, ಕೋನ್ ಹಿಂದಿನ ಗಾಳಿ ಆ ಸಂದೀಲೇ ಒದ್ದಾಡ್ಬೇಕು. ಅದಕ್ಕೆ ತೂತಿನ ಹಿಂಬದಿ ಅಂಚನ್ನ ರೂಟರ್ (ಮರ ಕೊರೆಯೋ ಮೆಷಿನ್) ಅಥವಾ ಒರಟು ಅರದಿಂದ 45 ಡಿಗ್ರಿ ಓರೆಯಾಗಿ ಉಜ್ಜಿ ತೆಗೀಬೇಕು, ಆದ್ರೆ ಸ್ಕ್ರೂ ಬರೋ ನಾಲ್ಕು ಜಾಗದಲ್ಲಿ ಮರ ಹಂಗೇ ಉಳಿಸ್ಕೊಳ್ಳಿ, ಇಲ್ಲಾಂದ್ರೆ ಸ್ಕ್ರೂಗೆ ಹಿಡಿತ ಸಿಗಲ್ಲ. ಉಜ್ಜೋ ಮುಂಚೆ ಮತ್ತು ಉಜ್ಜಿದ ಮೇಲೆ ಅದೇ ನ್ಯೂಸ್ ಓದೋ ಹೆಂಗಸಿನ ದನಿ ಹಾಕಿ ಕೇಳ್ದೆ, ಮುಂಚೆ ಎರಡು ಕೈ ಬಾಯಿಗೆ ಅಡ್ಡ ಹಿಡಿದು ಮಾತಾಡಿದಂಗೆ ಒಂದು ಟೊಳ್ಳು ಇತ್ತು, ಆಮೇಲೆ ಅದು ಹೋಯ್ತು. ಎಂಡಿಎಫ್ (ಮರದ ನಾರು ಅಂಟಿಸಿ ಮಾಡಿದ ಹಲಗೆ) ಆದ್ರೆ ಮಾಸ್ಕ್ ಇಲ್ದೆ ಕತ್ತರಿಸೋಕೆ ಹೋಗ್ಬೇಡಿ, ಆ ಧೂಳು ಸಣ್ಣ, ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರುತ್ತೆ. ಒಳಗಡೆ ಪಾಲಿಯೆಸ್ಟರ್ ಹತ್ತಿ ಸಡಿಲವಾಗಿ ತುಂಬಿ, ಮೂಲೆಗಳಿಗೆಲ್ಲ ಸಿಲಿಕೋನ್ ಅಂಟು ಎಳೆದು ಗಾಳಿ ಸೋರದಂಗೆ ಮಾಡಿ. ಡ್ರೈವರ್ ಕೂರ್ಸೋ ಮುಂಚೆ ಪೋಲಾರಿಟಿ ನೋಡ್ಕೊಳ್ಳಿ, 1.5 ವೋಲ್ಟ್ ಸೆಲ್‌ನ ಪ್ಲಸ್‌ನ ಡ್ರೈವರ್ ಪ್ಲಸ್‌ಗೆ ಒಂದು ಕ್ಷಣ ಮುಟ್ಟಿಸಿದ್ರೆ ಕೋನ್ ಮುಂದಕ್ಕೆ ಬರ್ಬೇಕು. ಎರಡರಲ್ಲಿ ಒಂದು ಉಲ್ಟಾ ಆದ್ರೆ ಗಂಡಸರ ದನಿಯ ದಪ್ಪ ಪೂರ್ತಿ ಮಾಯ.

ಇಡೋ ಜಾಗಾನೂ ಸ್ಪೀಕರ್‌ನಷ್ಟೇ ಮುಖ್ಯ. ಟಿವಿ ಸ್ಟ್ಯಾಂಡಿನ ಒಳಗಡೆ ಗೂಡಲ್ಲಿ ತಳ್ಳಿಟ್ರೆ ಎಂಥಾ ಸೆಂಟರ್ ಆದ್ರೂ ಗುಂಯ್ ಅನ್ನುತ್ತೆ. ಸ್ಟ್ಯಾಂಡ್ ಮೇಲೆ ಇಡಿ, ಅದೂ ಡಬ್ಬದ ಮುಖ ಸ್ಟ್ಯಾಂಡಿನ ಅಂಚಿಗೆ ಸರಿಯಾಗಿ ಬರೋ ಥರ, ಹಿಂದಕ್ಕೆ ಇಟ್ರೆ ಮುಂದಿರೋ ಮರದ ಮೇಲೆ ಸೌಂಡ್ ಬಿದ್ದು ಎದ್ದು ಮಾತು ಮಬ್ಬಾಗುತ್ತೆ. ಕೆಳಗೆ ಮುಂದಿನ ಎರಡು ಮೂಲೆಗೆ ದಪ್ಪ ರಬ್ಬರ್ ಕಾಲು ಕೊಟ್ಟು ಮುಖ ಕಿವಿ ಕಡೆಗೆ ಎತ್ತಿ. ಮೂರೂವರೆ ಇಂಚಿನ ಡ್ರೈವರ್‌ನ ಕೋನ್ ಅಂದಾಜು ಆರೂವರೆ ಸೆಂಟಿಮೀಟರ್, ಹಂಗಾಗಿ 5 ಕಿಲೋಹರ್ಟ್ಸ್ ಮೇಲೆ ಸೌಂಡ್ ಟಾರ್ಚ್ ಬೆಳಕಿನ ಥರ ಕಿರಿದಾಗ್ತಾ ಹೋಗುತ್ತೆ, ಮೊಣಕಾಲಿಗೆ ಗುರಿ ಇಟ್ರೆ 'ಸ' 'ಶ' ಎಲ್ಲಾ ಮೊಣಕಾಲಿಗೇ.

ರಿಸೀವರಲ್ಲಿ ಸೆಂಟರ್‌ನ ಸ್ಮಾಲ್ (ಬಾಸ್ ಸಬ್ ವೂಫರ್‌ಗೆ ಹೋಗ್ಲಿ ಅನ್ನೋ ಸೆಟ್ಟಿಂಗ್) ಅಂತ ಸೆಟ್ ಮಾಡಿ, ಕ್ರಾಸ್‌ಓವರ್ ಸಾಮಾನ್ಯವಾಗಿ ಎಲ್ಲರೂ ಹೇಳೋ 80 ಹರ್ಟ್ಸ್ ಅಲ್ಲ, 120 ಇಡಿ, ಚಿಕ್ಕ ಡ್ರೈವರ್ ಆದ್ರೆ 150 ಇಟ್ರೂ ತೊಂದ್ರೆ ಇಲ್ಲ. ಯಾಕೆ ಅಂದ್ರೆ ಇದೇ ಕೋನ್ ಬಾಸ್‌ಗೆ ಒಂದಷ್ಟು ಮುಂದಕ್ಕೆ ಹಿಂದಕ್ಕೆ ಓಡ್ತಾ ಅದೇ ಹೊತ್ತಲ್ಲಿ ಮಾತನ್ನೂ ನುಡಿಸ್ಬೇಕು, ಬಾಸ್ ಭಾರ ಇಳಿಸಿದ ತಕ್ಷಣ ಮಾತು ಹಗುರಾಗಿ ಬಿಡಿಬಿಡಿಯಾಗಿ ಬರುತ್ತೆ. ಹಿಂಗೆ ಎತ್ತರದ ಕ್ರಾಸ್‌ಓವರ್ ಇಟ್ಟಾಗ ಸಬ್ ವೂಫರ್ ಮುಂದಿನ ಗೋಡೇಲೇ, ಟಿವಿ ಹತ್ರಾನೇ ಇರ್ಲಿ, ಹಿಂದಿನ ಮೂಲೇಲಿ ಇಟ್ರೆ ಹೀರೋನ ಎದೆಯ ದನಿ ಬೆನ್ನ ಹಿಂದಿಂದ ಬಂದಂಗೆ ಆಗುತ್ತೆ. ಅಳತೆ ಮಾಡೋ ಆಸೆ ಇದ್ರೆ ಆರ್‌ಇಡಬ್ಲ್ಯೂ ಸಾಫ್ಟ್‌ವೇರ್ ಫ್ರೀ ಸಿಗುತ್ತೆ, ಯುಮಿಕ್-1 ಥರದ ಒಂದು ಮೈಕ್ ಇದ್ರೆ ಸಾಕು. ಮೈಕ್ ಇಲ್ದಿದ್ರೂ ಪಿಂಕ್ ನಾಯ್ಸ್ (ಎಲ್ಲಾ ಫ್ರೀಕ್ವೆನ್ಸಿ ಬೆರೆತ 'ಶ್ಶ್' ಸದ್ದು) ಹಾಕಿ ಸೋಫಾದ ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಜರುಗಿ, ಆ 'ಶ್ಶ್' ಬಣ್ಣ ಬದಲಾಯ್ಸುತ್ತಾ ಗಮನಿಸಿ. ಹಳೇ ಸೆಂಟರಲ್ಲಿ ಮಧ್ಯ ತೆರೆದಂಗೆ, ಒಂಚೂರು ಪಕ್ಕಕ್ಕೆ ಮುಚ್ಚಿದಂಗೆ, ಮತ್ತೆ ತೆರೆದಂಗೆ ಆಗ್ತಿತ್ತು. ಇದರಲ್ಲಿ ತುದಿಗೆ ಹೋದಂಗೆ ಮೇಲಿನ ಹೊಳಪು ಮೆಲ್ಲಗೆ ಇಳಿಯುತ್ತೆ ಅಷ್ಟೇ, ಮಧ್ಯದಲ್ಲಿ ಎಲ್ಲೂ ಹಳ್ಳ ಇಲ್ಲ.

ಕೇಳೋಕೆ ಹೆಂಗಿದೆ ಅಂದ್ರೆ, ಮೊದಲು ಗಮನಕ್ಕೆ ಬರೋದು ಪಿಸುಮಾತು. ಕತ್ತಲೇಲಿ ಇಬ್ರು ಪಿಸುಗುಡೋ ಸೀನ್, ಹಿಂದೆ ಮಳೆ ಸೌಂಡು, ಇಂಥ ಕಡೆ ಮುಂಚೆ ಸಬ್‌ಟೈಟಲ್ ಬೇಕಿತ್ತು, ಈಗ ಬೇಡ. ಮಾತಿನ ಮಧ್ಯ ಉಸಿರು ಎಳ್ಕೊಳ್ಳೋದು, ತುಟಿ ಬಿಚ್ಚೋ ಸಣ್ಣ ಸದ್ದು, ವಯಸ್ಸಾದೋರ ಗಂಟಲಿನ ಕರಕರ ಎಲ್ಲಾ ಇದೆ, ಆದ್ರೂ ಯಾವುದೂ ಎತ್ತಿ ತೋರಿಸಿದಂಗೆ ಇಲ್ಲ. ಇಬ್ರು ಒಟ್ಟಿಗೆ ಜಗಳ ಆಡುವಾಗ ಒಬ್ಬರ ಮಾತನ್ನ ಹಿಡ್ಕೊಂಡು ಹೋಗ್ಬಹುದು. ಕಡಿಮೆ ವಾಲ್ಯೂಮಲ್ಲಿ ರಾತ್ರಿ ನೋಡುವಾಗ ಅಂತೂ ಇದರ ಬೆಲೆ ಗೊತ್ತಾಗುತ್ತೆ, ಮನೇಲಿ ಬೇರೆಯೋರು ಮಲಗಿದ್ರೂ ಒಂದು ಪದ ಬಿಟ್ಟುಹೋಗಲ್ಲ. ನ್ಯೂಸ್, ಡಾಕ್ಯುಮೆಂಟರಿ, ಕ್ರಿಕೆಟ್ ಕಾಮೆಂಟರಿ, ಬರೀ ಮಾತಿನ ಯಾವ ಕಾರ್ಯಕ್ರಮಕ್ಕೂ ಇದಕ್ಕಿಂತ ಒಳ್ಳೇದು ನಂಗೆ ಬೇಡ.

ಸಾಲದಿರೋದು ಎಲ್ಲಿ ಅಂದ್ರೆ ಗಟ್ಟಿತನ. ಲೆಕ್ಕ ಹಾಕಿ, ಈ ಸೈಜಿನ ಡ್ರೈವರ್ ಸೆನ್ಸಿಟಿವಿಟಿ (ಒಂದು ವ್ಯಾಟ್‌ಗೆ ಒಂದು ಮೀಟರಲ್ಲಿ ಎಷ್ಟು ಗಟ್ಟಿ ಅನ್ನೋದು) ಅಂದಾಜು 86 ಡೆಸಿಬಲ್ ಅಂತ ಇಟ್ಕೊಳ್ಳಿ, 20 ವ್ಯಾಟ್ ಕೊಟ್ರೆ ಒಂದು ಮೀಟರಲ್ಲಿ 99, ಮೂರು ಮೀಟರ್ ದೂರಕ್ಕೆ 9.5 ಕಳೀರಿ, ಹತ್ತತ್ರ 90. ರೂಮಿನ ಗೋಡೆಗಳು ಒಂಚೂರು ಸೇರಿಸ್ತವೆ. ಸಿನಿಮಾ ರೆಫರೆನ್ಸ್ ಲೆವೆಲಲ್ಲಿ (ಥಿಯೇಟರಿನ ಪೂರ್ತಿ ಗಟ್ಟಿಯಲ್ಲಿ) ಒಂದೊಂದು ಚಾನೆಲ್ ಪೀಕ್ 105 ಮುಟ್ಟಬೇಕು, ಈ ಡಬ್ಬದಿಂದ ಅದು ಕನಸಿನ ಮಾತು. ನಾವು ಕೂರೋದು ಎರಡೂವರೆ ಮೂರು ಮೀಟರಲ್ಲಿ, ಮಾಮೂಲಿ ವಾಲ್ಯೂಮ್, ಒಂದು ಸಲಾನೂ ಸಾಲ್ದು ಅನ್ಸಿಲ್ಲ. ಆದ್ರೆ ಗ್ಲಾಸು ಒಡೆಯೋದು, ಗುಂಡಿನ ಸದ್ದು ಸೆಂಟರಲ್ಲೇ ಬಂದಾಗ ದೊಡ್ಡ ಸ್ಪೀಕರಿನ ಆ ಹೊಡೆತ ಇಲ್ಲ, ಸ್ವಲ್ಪ ಮೆತ್ತಗೆ. ದೊಡ್ಡ ಹಾಲ್, ನಾಲ್ಕೈದು ಮೀಟರ್ ದೂರ, ಪ್ರೊಜೆಕ್ಟರ್ ಅಂದ್ರೆ ಫೈಟಲ್ ಪ್ರೊ ಥರದವರ ಜಾಸ್ತಿ ಸೆನ್ಸಿಟಿವಿಟಿ ಇರೋ 4 ಇಂಚು 5 ಇಂಚಿನ ಡ್ರೈವರ್ ನೋಡಿ, ಇಲ್ಲ ಟೂ ವೇ ಸ್ಪೀಕರನ್ನೇ ಮಲಗಿಸದೆ ನಿಲ್ಲಿಸಿ ಇಡೋ ದಾರಿ ಹುಡುಕಿ. ತೀರಾ ಮೇಲಿನ ಮಿನುಗು, ಗೆಜ್ಜೆ ಸದ್ದು, ಸಿಂಬಲ್‌ನ ಕೊನೇ ಎಳೆ, ಒಳ್ಳೇ ಟ್ವೀಟರ್‌ನಷ್ಟು ಬರಲ್ಲ. ಸೆಂಟರಲ್ಲಿ ಅದರ ಕೊರತೆ ನಂಗೆ ಕಾಡಿಲ್ಲ.

ನಿಜವಾಗ್ಲೂ ಕಾಡೋದು ಎಡ ಬಲದ ಜೊತೆ ಹೊಂದಾಣಿಕೆ. ನನ್ನ ಎಡ ಬಲ ಸ್ಪೀಕರ್‌ಗಳು ಡೋಮ್ ಟ್ವೀಟರ್‌ದ್ದು, ಕಾರು ಪರದೆಯ ಎಡದಿಂದ ಬಲಕ್ಕೆ ಹೋಗುವಾಗ ಮಧ್ಯ ದಾಟೋ ಹೊತ್ತಿಗೆ ಸೌಂಡಿನ ಬಣ್ಣ ಒಂಚೂರು ಬದಲಾಗುತ್ತೆ, ರಿಸೀವರ್‌ನ ರೂಮ್ ಕರೆಕ್ಷನ್ (ರೂಮಿಗೆ ತಕ್ಕಂಗೆ ಸೌಂಡ್ ತಿದ್ದೋ ಸೆಟ್ಟಿಂಗ್) ಹಾಕಿದ ಮೇಲೆ ಕಮ್ಮಿ ಆಗಿದೆ, ಪೂರ್ತಿ ಹೋಗಿಲ್ಲ. ಇದಕ್ಕೆ ಇರೋ ಸರಿಯಾದ ಉತ್ತರ ಒಂದೇ, ಮುಂದಿನ ಮೂರಕ್ಕೂ ಒಂದೇ ಡ್ರೈವರ್. ಹೊಸದಾಗಿ ಶುರು ಮಾಡೋರು ಡ್ರೈವರ್ ತರಿಸುವಾಗಲೇ ಆರು ತರ್ಸಿಬಿಡಿ. ನಾನು ಇನ್ನೊಂದು ನಾಲ್ಕು ಡ್ರೈವರ್ ತರ್ಸೋಕೆ ಹೇಳಿದೀನಿ, ಎಡ ಬಲಕ್ಕೆ ಡಬ್ಬಾನ ನಿಲ್ಲಿಸಿ, ಪೂರ್ತಿ ನುಡಿಯೋ ಡ್ರೈವರ್ ಮೇಲೆ, ಕಾಯಿಲ್ ಇರೋದು ಕೆಳಗೆ.